ಹಳೆ ಮರಕ್ಕೆ ಕಂದು ಬಣ್ಣ ಸಾಲದು

ಮಲೆನಾಡಿನ ಹಳೆ ಮನೆಗಳನ್ನು ಜಲವರ್ಣದಲ್ಲಿ ಬರೆಯಲು ಕೂತರೆ ಕೈ ಮೊದಲು ಹೋಗುವುದು ಕಂದು ಬಣ್ಣಕ್ಕೆ. ತೀರ್ಥಹಳ್ಳಿ, ಕೊಪ್ಪದ ಕಡೆಯ ಅಂಗಳಗಳಲ್ಲಿ ಕೂತು ನಾನು ಕಲಿತದ್ದು ಬೇರೆ. ಮಳೆ ಹೊಡೆಯುವ ಪಡುವಣ ದಿಕ್ಕಿನ ಕಂಬಗಳು, ಸೂರಿನಾಚೆ ಚಾಚಿದ ಪಕಾಸಿ ತುದಿಗಳು ನೀರು ಬಿಸಿಲು ಕುಡಿದು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಅದೇ ಮನೆಯ ಒಳಜಗಲಿಯ ಕಂಬ ಜನ ಒರಗಿ ಒರಗಿ ನುಣುಪಾಗಿ, ಹೊಗೆ ಹಿಡಿದು ಹೆಚ್ಚುಕಡಿಮೆ ಕಪ್ಪು.

ಆ ಬೂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎರಡೇ ಸಾಕು. ನೀಲಿಯ ಕಣಗಳು ಒರಟು ಕಾಗದದ ಕುಳಿಗಳಲ್ಲಿ ತಂಗಿ, ಒಣಗಿದ ಮೇಲೆ ಮರದ ಒರಟುತನ ತಾನಾಗಿಯೇ ಕಾಣುತ್ತದೆ. ಸಣ್ಣ ಕುಂಚದಲ್ಲಿ ನಾರು ಗೀಚಲು ಹೊರಟರೆ ಮರದ ಜೀವ ಹೋಯಿತೆಂದೇ ಲೆಕ್ಕ.

ಒಂದು ಮನೆಯಲ್ಲಿ ಕಾಫಿ ತಂದುಕೊಟ್ಟ ಅಜ್ಜಿ ಕಂಬದ ಮೇಲೆ ಕೈಯಿಟ್ಟು, “ಇದು ಹಲಸಿಂದು ಮಾರಾಯ್ರೆ. ಮೇಲೆ ಬೋದಿಗೆ ಇಲ್ದಿದ್ರೆ ತೊಲೆ ಇಷ್ಟು ಕಾಲ ನಿಲ್ತಿರ್ಲಿಲ್ಲ” ಎಂದರು. ಅಂದಿನಿಂದ ಮಾಡಿನ ಭಾರ ಪಕಾಸಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಅಲ್ಲಿಂದ ಕಂಬಕ್ಕೆ ಹೇಗೆ ಇಳಿಯುತ್ತದೆಂದು ನೋಡಿಯೇ ಪೆನ್ಸಿಲ್ ಹಿಡಿಯುತ್ತೇನೆ. ಮಾಡಿನ ನೆತ್ತಿ ಬಾಗಿದ್ದರೆ ಅದಕ್ಕೊಂದು ಕಾರಣ ಕೆಳಗಿರುತ್ತದೆ: ಗೆದ್ದಲು ತಿಂದ ಮರವೋ, ಕುಸಿದ ಕಂಬವೋ. ಸ್ಕೇಲ್ ಇಟ್ಟು ಆ ಗೆರೆ ನೇರ ಮಾಡಿದರೆ ಮನೆಯ ವಯಸ್ಸೇ ಅಳಿಸಿಹೋಗುತ್ತದೆ.

ಹಂಚಿನ ವಯಸ್ಸು ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದಕ್ಕೂ ಹಿಂದಿನ ಮನೆಗಳಿಗೆ ಮಂಗಳೂರು ಹಂಚಿನ ಮಾಡು ಆಮೇಲೆ ಬಂದದ್ದು. ಪಾಚಿಗಟ್ಟಿದ ಹಂಚುಗಳ ನಡುವೆ, ಒಡೆದದ್ದರ ಜಾಗಕ್ಕೆ ಹಾಕಿದ ಹೊಸ ಹಂಚಿನ ಕೆಂಪನ್ನು ನಾನು ಹಾಗೇ ಬಿಡುತ್ತೇನೆ.

ಸೂರಿನಡಿಯ ನೆರಳಿಗೆ ಕಪ್ಪು ಬಳಿದರೆ ಅದು ಗುಹೆಯಂತಾಗುತ್ತದೆ. ಅಂಗಳದ ಕೆಮ್ಮಣ್ಣು ಅಲ್ಲಿಗೆ ಬೆಳಕು ಎರಚುತ್ತಿರುತ್ತದೆ. ಪಕಾಸಿಗಳ ಅಡಿಭಾಗ ಬೆಚ್ಚಗೆ ಕೆಂಪಗಿರುತ್ತದೆ. ತೋಟದ ಕಡೆಯ ಗೋಡೆಗೆ ಅಡಕೆ ಮರಗಳ ಹಸಿರು ಬಂದು ಕೂತಿರುತ್ತದೆ. ಚಳಿಗಾಲದಲ್ಲಿ ಅಡಕೆ ಒಣಗಿಸುವ ಚಪ್ಪರ ಮನೆಗೆ ಅಡ್ಡ ಬಂದರೂ ಅದನ್ನು ಚಿತ್ರದಿಂದ ಕಿತ್ತುಹಾಕುವುದಿಲ್ಲ. ಆ ಮನೆ ನಿಂತಿರುವುದೇ ಆ ಅಡಕೆಯಿಂದ.

ಇಂಥ ಮನೆಗಳನ್ನು ಬಿಚ್ಚಿ ಕಂಬ, ಬಾಗಿಲು ಮಾರುತ್ತಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈಗ ಪ್ರತಿ ಚಿತ್ರದ ಹಿಂಬದಿಯಲ್ಲಿ ಊರು, ತಿಂಗಳು, ಕಂಬ ಯಾವ ಮರದ್ದೆಂಬುದನ್ನು ಮನೆಯವರಿಂದಲೇ ಕೇಳಿ ಬರೆದಿಡುತ್ತೇನೆ.