ಗಣಕಜಾಲದ ದೋಷವನ್ನು ಕಂಡುಹಿಡಿಯುವ ಬಗೆ

ಅಂಗಡಿಯಲ್ಲಿ ಲೆಕ್ಕವಿಡುವ ಗಣಕಯಂತ್ರ, ಬಿಲ್ಲನ್ನು ಮುದ್ರಿಸುವ ಪ್ರಿಂಟರು, ಗೋದಾಮಿನಲ್ಲಿರುವ ಇನ್ನೊಂದು ಯಂತ್ರ, ಇವೆಲ್ಲವೂ ಇಂದು ಒಂದೇ ಜಾಲಕ್ಕೆ ಸೇರಿರುವುದುಂಟು. ಜಾಲವು ಕೆಟ್ಟಿತೆಂದರೆ ಸಂತೆಯ ದಿನದ ವ್ಯಾಪಾರವೇ ನಿಂತೀತು. ಆಗ ಬಹುಮಂದಿ ವರ್ತಕರು ರೌಟರನ್ನು ಆರಿಸಿ ಮತ್ತೆ ಹಾಕುವರು. ಅದರಿಂದ ಫಲ ಕಾಣದಿದ್ದರೆ ಹೊಸ ರೌಟರನ್ನೇ ಕೊಳ್ಳುವರು. ದೋಷವು ತಂತಿಯಲ್ಲಿದ್ದರೆ ಈ ಹಣ ವ್ಯರ್ಥವಷ್ಟೆ! ದೋಷದ ಸ್ಥಾನವನ್ನು ತಿಳಿಸುವ ಸಾಧನವೊಂದು ಕಾಸಿನ ಖರ್ಚಿಲ್ಲದೆ ಅಂಗಡಿಯ ಗಣಕಯಂತ್ರದೊಳಗೇ ಇರುವುದು. ಅದರ ಹೆಸರು ‘ಪಿಂಗ್’.

ಇದನ್ನು ರಚಿಸಿದವರು ಅಮೆರಿಕೆಯ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬವರು. 1983ರ ಡಿಸೆಂಬರ್ ತಿಂಗಳಲ್ಲಿ ಅಲ್ಲಿಯ ಜಾಲವು ವಿಚಿತ್ರವಾಗಿ ವರ್ತಿಸತೊಡಗಲು, ಅವರು ಸುಮಾರು 1000 ಸಾಲುಗಳ ಈ ಪ್ರೋಗ್ರಾಮನ್ನು ಒಂದೇ ಸಂಜೆಯಲ್ಲಿ ಬರೆದರು. ಜಲಾಂತರ್ಗಾಮಿ ನೌಕೆಯು ನೀರಿನಲ್ಲಿ ಶಬ್ದವನ್ನು ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಅರಿಯುವುದಲ್ಲವೆ? ಆ ಶಬ್ದದ ಅನುಕರಣವೇ ಈ ಹೆಸರು. ಪಿಂಗ್ ಕೂಡ ಇನ್ನೊಂದು ಯಂತ್ರಕ್ಕೆ ಪುಟ್ಟ ಸಂದೇಶವನ್ನು ಕಳುಹಿ, ಉತ್ತರ ಬಂದಿತೇ, ಎಷ್ಟು ಮಿಲಿಸೆಕೆಂಡಿನಲ್ಲಿ ಬಂದಿತು ಎಂಬುದನ್ನು ತೋರಿಸುವುದು.

ಪರೀಕ್ಷೆಯನ್ನು ಹತ್ತಿರದಿಂದ ದೂರಕ್ಕೆ ನಡೆಸತಕ್ಕದ್ದು. ವಿಂಡೋಸ್ ಯಂತ್ರದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನಿತ್ತರೆ ‘ಡಿಫಾಲ್ಟ್ ಗೇಟ್‌ವೇ’ ಎಂಬಲ್ಲಿ ರೌಟರಿನ ವಿಳಾಸ ದೊರೆಯುವುದು; ಅನೇಕ ಕಡೆ ಅದು 192.168.1.1 ಎಂದಿರುತ್ತದೆ. ಮೊದಲು ಅದಕ್ಕೆ ಪಿಂಗ್ ಮಾಡಿರಿ. ಉತ್ತರ ಬಾರದಿದ್ದರೆ ದೋಷವು ಅಂಗಡಿಯೊಳಗೇ ಇರಬೇಕು. ಬಂದರೆ, ಹೊರಗಿನ 8.8.8.8 ಎಂಬ ವಿಳಾಸಕ್ಕೆ ಮಾಡಿರಿ. ಅದು ಗೂಗಲ್ ಸಂಸ್ಥೆಯದು. ರೌಟರು ಉತ್ತರಿಸಿ ಇದು ಸುಮ್ಮನಿದ್ದರೆ ಹೊರಗಿನ ಸಂಪರ್ಕವನ್ನು ಶಂಕಿಸಬೇಕು. ಅಂಕಿಯ ವಿಳಾಸವು ಉತ್ತರಿಸಿ, ಹೆಸರಿನ ವಿಳಾಸ ಮಾತ್ರ ಸಿಕ್ಕದಿದ್ದರೆ, ಹೆಸರನ್ನು ಅಂಕಿಯಾಗಿ ಮಾರ್ಪಡಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಡಕು. ಆದರೆ ಕೆಲವು ಯಂತ್ರಗಳು ಸುರಕ್ಷತೆಗಾಗಿ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಆದುದರಿಂದ ಒಂದೇ ವಿಳಾಸದ ಮೌನವನ್ನು ನಂಬಲಾಗದು.

ಆಗಾಗ ಬಂದು ಹೋಗುವ ದೋಷವೇ ಹೆಚ್ಚಿನ ಕಾಟ ಕೊಡುವುದು. ಇಂಥದನ್ನು ಹಿಡಿದ ಒಬ್ಬ ಅಧಿಕಾರಿಯ ಸ್ವಾರಸ್ಯವಾದ ಕಥೆಯನ್ನು ಮೂಸ್ ಅವರು ಹೇಳಿದ್ದಾರೆ. ಆತನು ಪ್ರತಿ ಉತ್ತರಕ್ಕೂ ಗಣಕಯಂತ್ರವು ‘ಪಿಂಗ್, ಪಿಂಗ್’ ಎಂದು ಗಟ್ಟಿಯಾಗಿ ಕೂಗುವಂತೆ ಏರ್ಪಡಿಸಿ, ಕಟ್ಟಡದಲ್ಲೆಲ್ಲ ಅಲೆಯುತ್ತ ತಂತಿಯ ಒಂದೊಂದು ಕೀಲನ್ನೂ ಅಲ್ಲಾಡಿಸುತ್ತ ಹೋದನಂತೆ. ಕೂಗು ಎಲ್ಲಿ ನಿಂತಿತೋ ಅಲ್ಲಿಯೇ ದೋಷ! ಕೂಗಿಸುವ ಏರ್ಪಾಡಿಲ್ಲದಿದ್ದರೂ, ಮಗನೋ ಮಗಳೋ ಪರದೆಯನ್ನು ನೋಡುತ್ತಿರಲು ತಂದೆಯು ತಂತಿಯನ್ನು ಅಲ್ಲಾಡಿಸಬಹುದು. ವಿಂಡೋಸಿನಲ್ಲಿ ಪಿಂಗ್ 4 ಬಾರಿ ಮಾತ್ರ ಕೇಳಿ ನಿಲ್ಲುತ್ತದೆ; ಆಜ್ಞೆಗೆ ಅಡ್ಡಗೀಟು ಹಾಗೂ ‘ಟಿ’ ಅಕ್ಷರವನ್ನು ಸೇರಿಸಿದರೆ, ನಾವು ನಿಲ್ಲಿಸುವವರೆಗೂ ನಡೆಯುವುದು.

ತಂತಿಯ ಮೇಲೆ ಸಂಶಯ ಬಂದ ಮೇಲೆಯೇ ತಂತಿಪರೀಕ್ಷಕವನ್ನು ಕೊಳ್ಳುವುದು ಲೇಸು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಈ ಸಾಧನದ ಎರಡು ಭಾಗಗಳನ್ನು ತಂತಿಯ ಎರಡು ತುದಿಗಳಿಗೆ ಸಿಕ್ಕಿಸಿದರೆ, ಒಳಗಿನ 8 ಎಳೆಗಳಿಗೆ ಸರಿಯಾಗಿ 8 ದೀಪಗಳು ಕ್ರಮವಾಗಿ ಬೆಳಗುವುವು. ಬೆಳಗದ ದೀಪವು ಕಡಿದ ಎಳೆಯನ್ನೂ, ಕ್ರಮ ತಪ್ಪಿದ ದೀಪವು ತಪ್ಪಾಗಿ ಜೋಡಿಸಿದ ಎಳೆಯನ್ನೂ ತೋರಿಸುವುದು. ತಂತಿಯ ವೇಗವನ್ನು ಮಾತ್ರ ಇದು ಅಳೆಯಲಾರದು.

ದೋಷವು ಹೊರಗಿನದೆಂದು ಕಂಡುಬಂದರೆ, ಯಾವ ವಿಳಾಸವು ಉತ್ತರಿಸಿತು, ಯಾವುದು ಉತ್ತರಿಸಲಿಲ್ಲ, ಆಗ ಗಂಟೆ ಎಷ್ಟು ಎಂಬುದನ್ನು ಬರೆದಿಟ್ಟು, ಸಂಪರ್ಕವನ್ನೊದಗಿಸುವ ಕಂಪನಿಗೆ ದೂರನ್ನು ಕೊಡಿರಿ.