ಒಂದೇ ಹೆಸರಿನ ಇಬ್ಬರು ರಾಯಪ್ಪಂದಿರು: ವಂಶವೃಕ್ಷವನ್ನು ತಪ್ಪಿಲ್ಲದೆ ಬರೆಯುವ ಪಾಠ



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಯುವಜನರು ಸೇರಿ ನಾಲ್ಕು ಮನೆತನಗಳ ವಂಶವೃಕ್ಷವನ್ನು ಆನ್‌ಲೈನಿನಲ್ಲಿ ಬರೆಯಲು ಶುರುಮಾಡಿದೆವು. ಹೊಸೂರಿನಲ್ಲಿರುವವರು, ಬೆಂಗಳೂರಿಗೆ ಹೋದವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಎಲ್ಲರೂ ಒಂದೇ ಮರವನ್ನು ನೋಡಬಹುದು, ತಮಗೆ ಗೊತ್ತಿರುವುದನ್ನು ಸೇರಿಸಬಹುದು ಎಂಬುದು ನಮ್ಮ ಉತ್ಸಾಹ. ಎರಡೇ ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರು ಸೇರಿದವು.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿರಿಯ ಅಜ್ಜಿಯೊಬ್ಬರು ಮೊಮ್ಮಗನ ಫೋನು ಹಿಡಿದು ನಮ್ಮ ಬಳಿ ಬಂದರು. "ಏನ್ ಮಕ್ಕಳಾ, ನಮ್ಮಪ್ಪನಿಗೆ ಇಬ್ಬರು ಹೆಂಡ್ತೀರು ಅಂತ ಬರ್ದಿದೀರಲ್ಲ? ನಮ್ಮಮ್ಮ ಇದ್ದಿದ್ದರೆ ಏನನ್ನೋಳು?" ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ನಮಗೆ ಉತ್ತರ ಹೊಳೆಯಲಿಲ್ಲ.

ಆಗಿದ್ದು ಇಷ್ಟು. ಹೆಸರುಗಳನ್ನು ಬದಲಿಸಿ ಹೇಳುತ್ತೇವೆ. ರಾಯಪ್ಪ ಎಂಬ ಹಿರಿಯರಿಗೆ ಚಿನ್ನಪ್ಪ, ಇನ್ನಾಸಪ್ಪ ಎಂದು ಇಬ್ಬರು ಗಂಡುಮಕ್ಕಳು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ವಾಡಿಕೆ. ಹಾಗಾಗಿ ಅಣ್ಣನ ಮನೆಯಲ್ಲೂ ಒಬ್ಬ ರಾಯಪ್ಪ, ತಮ್ಮನ ಮನೆಯಲ್ಲೂ ಒಬ್ಬ ರಾಯಪ್ಪ. ಒಬ್ಬರ ತಂದೆಯ ಹೆಸರನ್ನು ನಾವು ಇನ್ನೂ ತುಂಬಿರಲಿಲ್ಲ. ಇಬ್ಬರೂ ಒಬ್ಬರೇ ಇರಬಹುದೇ ಎಂದು ಮರವೇ ಸೂಚನೆ ತೋರಿಸಿತು. ನಮ್ಮಲ್ಲೊಬ್ಬರು ಯೋಚಿಸದೆ ಹೌದು ಎಂದು ಒತ್ತಿದರು. ಕ್ಷಣದಲ್ಲಿ ಇಬ್ಬರು ಮನುಷ್ಯರು ಒಬ್ಬರಾದರು. ಆ ಒಬ್ಬರಿಗೆ ಇಬ್ಬರು ಹೆಂಡಿರು, ಹನ್ನೊಂದು ಮಕ್ಕಳು. ತಪ್ಪು ನಮ್ಮದೇ. ಅದನ್ನು ಸರಿಪಡಿಸುತ್ತಾ ಕಲಿತದ್ದನ್ನು ಈ ಪಾಠದಲ್ಲಿ ಹಂಚಿಕೊಳ್ಳುತ್ತೇವೆ.

ಶುಭಸಂದೇಶವೇ ವಂಶಾವಳಿಯಿಂದ ಆರಂಭ

ಮತ್ತಾಯನ ಶುಭಸಂದೇಶದ ಮೊದಲ ಪುಟವೇ ಹೆಸರುಗಳ ಪಟ್ಟಿ. ಅಬ್ರಹಾಮನಿಂದ ಪ್ರಭು ಯೇಸುವಿನವರೆಗೆ ಹದಿನಾಲ್ಕು ಹದಿನಾಲ್ಕರಂತೆ ಮೂರು ಭಾಗ. ಲೂಕನ 3ನೇ ಅಧ್ಯಾಯ ಯೇಸುವಿನಿಂದ ಹಿಂದಕ್ಕೆ ಆದಾಮನವರೆಗೆ ಹೋಗುತ್ತದೆ. ಸಂತ ಜೋಸೆಫರ ತಂದೆ ಮತ್ತಾಯನಲ್ಲಿ ಯಕೋಬ, ಲೂಕನಲ್ಲಿ ಹೇಲಿ. ಮತ್ತಾಯನು ಯೋರಾಮನಿಗೂ ಉಜ್ಜೀಯನಿಗೂ ನಡುವಿನ ಮೂವರು ಅರಸರನ್ನು ಬಿಟ್ಟಿದ್ದಾನೆ. ಪೂರ್ವಕಾಲ ವೃತ್ತಾಂತದ ಮೊದಲ ಗ್ರಂಥದ 3ನೇ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿದರೆ ಇದು ತಿಳಿಯುತ್ತದೆ. ಶುಭಸಂದೇಶಕಾರರ ಉದ್ದೇಶ ಯೇಸು ಯಾರೆಂದು ಸಾರುವುದು. ಹೊಂದಿಕೆಯಾಗದ ಎರಡು ಪಟ್ಟಿಗಳನ್ನು ಧರ್ಮಸಭೆ ತಿದ್ದಿ ಒಂದು ಮಾಡಲಿಲ್ಲ, ಎರಡನ್ನೂ ಹಾಗೆಯೇ ಉಳಿಸಿಕೊಂಡಿತು ಎಂಬುದನ್ನು ನಾವು ಗಮನಿಸಬೇಕು.

ಮತ್ತಾಯನ ಪಟ್ಟಿಯಲ್ಲಿ ಮರಿಯಮ್ಮನವರಿಗಿಂತ ಮುಂಚೆ ನಾಲ್ವರು ಹೆಂಗಸರು ಬರುತ್ತಾರೆ: ತಾಮಾರ, ರಹಾಬ, ರೂತ, ಊರೀಯನ ಹೆಂಡತಿ. ಒಬ್ಬೊಬ್ಬರ ಕಥೆಯಲ್ಲೂ ಬೇರೆಯವರಾದರೆ ಮುಚ್ಚಿಡುತ್ತಿದ್ದ ಸಂಗತಿಯಿದೆ. ಪ್ರಭುವಿನ ವಂಶಾವಳಿ ಅವರನ್ನು ಕೈಬಿಡಲಿಲ್ಲ. ಆದರೆ ತಿಮೊಥೇಯನಿಗೆ ಬರೆದ ಮೊದಲ ಪತ್ರದ 1ನೇ ಅಧ್ಯಾಯ, ಕೊನೆಯಿಲ್ಲದ ವಂಶಾವಳಿಗಳಲ್ಲಿ ಮುಳುಗಿ ಹೋಗಬೇಡಿ ಎಂದು ಎಚ್ಚರಿಸುತ್ತದೆ. ನಮ್ಮ ಮನೆತನ ದೊಡ್ಡದೆಂದು ತೋರಿಸಲು ಮರ ಬರೆದರೆ ಆ ಎಚ್ಚರಿಕೆ ನಮಗೇ ಸಲ್ಲುತ್ತದೆ.

ನಮ್ಮ ಚರ್ಚಿನ ಪುಸ್ತಕಗಳು

ಟ್ರೆಂಟ್ ಮಹಾಸಭೆ 1563ರಲ್ಲಿ ಪ್ರತಿಯೊಂದು ಮದುವೆಯನ್ನೂ ಪುಸ್ತಕದಲ್ಲಿ ದಾಖಲಿಸಬೇಕೆಂದು ಗುರುಗಳಿಗೆ ವಿಧಿಸಿತು. ಈಗಿನ ಧರ್ಮಸಭೆಯ ಕಾನೂನು (1983) 535ನೇ ಕಲಮಿನಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡಬೇಕು, ಹಳೆಯವನ್ನು ಜೋಪಾನ ಮಾಡಬೇಕು ಎನ್ನುತ್ತದೆ. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ, ಸ್ನಾನ ಕೊಟ್ಟವರು, ಸ್ಥಳ, ದಿನಾಂಕ, ಹುಟ್ಟಿದ ಊರು ಮತ್ತು ದಿನ ಇರಬೇಕು.

ಅದರ ಅಂಚಿನಲ್ಲಿರುವ ಟಿಪ್ಪಣಿಯನ್ನು ನಾವು ಮೊದಲು ನೋಡಿಯೇ ಇರಲಿಲ್ಲ. ಒಬ್ಬರ ಮದುವೆ ಎಲ್ಲೇ ನಡೆದರೂ ಅಲ್ಲಿನ ಗುರುಗಳು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು, ಅದನ್ನು ಆ ಸಾಲಿನ ಪಕ್ಕದಲ್ಲಿ ಬರೆಯಬೇಕು. ಹೀಗಾಗಿ ಆ ಒಂದು ಸಾಲು ಒಬ್ಬ ಮನುಷ್ಯನ ಜೀವನದ ಕೀಲಿಕೈ.

ಇಬ್ಬರು ರಾಯಪ್ಪಂದಿರ ಗಂಟು ಬಿಡಿಸಿದ್ದೂ ಈ ಸಾಲುಗಳೇ. ಗುರುಗಳ ಅನುಮತಿ ಪಡೆದು, ಅವರ ಎದುರಿನಲ್ಲೇ ಪುಸ್ತಕ ತೆರೆದೆವು. ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಾಲುಗಳು. ತಂದೆ ಬೇರೆ, ತಾಯಿ ಬೇರೆ, ಜ್ಞಾನ ತಂದೆ ಬೇರೆ. ಎರಡರ ಅಂಚಿನಲ್ಲೂ ಬೇರೆ ಬೇರೆ ಮದುವೆ. ಅಜ್ಜಿಯ ತಂದೆಗೆ ಒಬ್ಬರೇ ಹೆಂಡತಿ.

ಇನ್ನೊಂದು ಮಾತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಹಿರಿಯ ಮಗುವಿನ ಜ್ಞಾನಸ್ನಾನ ಇಲ್ಲಿ ಸಿಗದಿದ್ದರೆ ತಾಯಿಯ ತವರಿನ ಚರ್ಚಿನಲ್ಲಿ ವಿಚಾರಿಸಿ. ಸಿಗಲಿಲ್ಲವೆಂದ ಮಾತ್ರಕ್ಕೆ ಆಗಲೇ ಇಲ್ಲ ಎಂದು ಬರೆಯಬೇಡಿ.

ಊರು ಅಲ್ಲೇ ಇದೆ, ಹೆಸರು ಬದಲಾಗಿದೆ

ಹೊಸೂರು ಸೀಮೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಎರಡು ಸಲ ಬದಲಾಗಿದೆ. 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಚರ್ಚಿನ ಲೆಕ್ಕ ಬೇರೆ. ಹಿಂದೆ ಈ ಸೀಮೆಯನ್ನು ನೋಡಿಕೊಂಡದ್ದು ಮೈಸೂರು ಮಿಷನ್. 1930ರಲ್ಲಿ ಸೇಲಂ ಧರ್ಮಕ್ಷೇತ್ರವಾಯಿತು, 1997ರಲ್ಲಿ ಅದರಿಂದ ಧರ್ಮಪುರಿ ಧರ್ಮಕ್ಷೇತ್ರ ಬೇರೆಯಾಯಿತು. ನಮ್ಮ ಗುಂಪಿನಲ್ಲೊಬ್ಬರು ಕಾಗದದಲ್ಲಿ ಸೇಲಂ ಎಂದಿದ್ದುದನ್ನು ನೋಡಿ ತಾತ ಸೇಲಂ ಪಟ್ಟಣದಲ್ಲಿ ಹುಟ್ಟಿದರೆಂದು ಬರೆದುಬಿಟ್ಟಿದ್ದರು. ಹಳ್ಳಿಯ ಹೆಸರನ್ನು ಮೊದಲು ಬರೆಯಿರಿ, ಆಗಿನ ಜಿಲ್ಲೆಯನ್ನು ಆಮೇಲೆ.

ಒಬ್ಬ ಮನುಷ್ಯ, ಹಲವು ಹೆಸರು

ಎರಡನೇ ವ್ಯಾಟಿಕನ್ ಮಹಾಸಭೆಯ ಕಾಲದವರೆಗೂ ಚರ್ಚಿನ ಪುಸ್ತಕಗಳನ್ನು ಸಾಮಾನ್ಯವಾಗಿ ಲತೀನಿನಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ರಾಯಪ್ಪ, ಪುಸ್ತಕದಲ್ಲಿ ಪೆತ್ರುಸ್, ತಮಿಳು ಶಾಲೆಯಲ್ಲಿ ರಾಯಪ್ಪನ್, ಆಧಾರ್ ಕಾರ್ಡಿನಲ್ಲಿ ಪೀಟರ್. ನಾಲ್ಕೂ ಒಬ್ಬರೇ. ಹಾಗೆಯೇ ಚಿನ್ನಪ್ಪ ಎಂದರೆ ಪೌಲ, ಅರುಳಪ್ಪ ಎಂದರೆ ಯೊವಾನ್ನ, ಇನ್ನಾಸಪ್ಪ ಎಂದರೆ ಇಗ್ನಾಸಿ, ಚೌರಪ್ಪ ಎಂದರೆ ಕ್ಸೇವಿಯರ್, ಯಾಗಪ್ಪ ಎಂದರೆ ಯಕೋಬ, ಜೋಜಪ್ಪ ಎಂದರೆ ಜೋಸೆಫ್.

ಲತೀನಿನಲ್ಲಿ ವಿಭಕ್ತಿಗೆ ತಕ್ಕಂತೆ ಹೆಸರಿನ ಕೊನೆ ಬದಲಾಗುತ್ತದೆ. "ಫಿಲಿಯುಸ್ ಪೆತ್ರಿ" ಎಂದರೆ ಪೆತ್ರುಸನ ಮಗ. ಪೆತ್ರಿ ಎಂಬುದು ಬೇರೆ ಹೆಸರಲ್ಲ. "ಫಿಲಿಯಾ" ಎಂದರೆ ಮಗಳು, "ನಾತುಸ್" ಎಂದರೆ ಹುಟ್ಟಿದ, "ವಿದುವಾ" ಎಂದರೆ ವಿಧವೆ, "ಒಬಿಯಿತ್" ಎಂದರೆ ತೀರಿಕೊಂಡರು. ಈ ಐದಾರು ಪದ ಗೊತ್ತಿದ್ದರೆ ಹಳೆಯ ಪುಸ್ತಕದ ಅರ್ಧ ಭಯ ಹೋಗುತ್ತದೆ.

ಮರದಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಮುಖ್ಯ ಹೆಸರಾಗಿ ಇಡಿ. ಉಳಿದವುಗಳನ್ನು ಇತರ ಹೆಸರುಗಳೆಂದು ಸೇರಿಸಿ. ಯಾವುದನ್ನೂ ಬಿಡಬೇಡಿ.

ಹಿರಿಯರನ್ನು ಕೇಳುವಾಗ

ನಮ್ಮ ಭಾಷೆಯಲ್ಲಿ ದೊಡ್ಡಪ್ಪನ ಮಗನೂ ಅಣ್ಣ, ಒಡಹುಟ್ಟಿದವನೂ ಅಣ್ಣ. ತಾತನ ತಮ್ಮನೂ ತಾತ. ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಜ್ಜಿ "ನಮ್ಮಣ್ಣ" ಎಂದರೆ ಕೂಡಲೇ ಒಡಹುಟ್ಟಿದವರೆಂದು ಸೇರಿಸಬೇಡಿ. "ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರಾ ಅಜ್ಜಿ, ದೊಡ್ಡಪ್ಪನ ಮಗನಾ?" ಎಂದು ಇನ್ನೊಂದು ಪ್ರಶ್ನೆ ಕೇಳಿ. ನಮ್ಮ ಮರದ ಅರ್ಧದಷ್ಟು ತಪ್ಪುಗಳು ಈ ಒಂದು ಪ್ರಶ್ನೆಯನ್ನು ಕೇಳದೆ ಆದವು.

ವಯಸ್ಸಿನ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಹುಟ್ಟಿದ ದಿನ ಬರೆದುಕೊಂಡದ್ದು ಎಷ್ಟೋ ಮನೆಗಳಲ್ಲಿ ಗೊತ್ತಿರುವ ಸಂಗತಿ. ಶಾಲೆಯ ದಿನಾಂಕಕ್ಕೂ ಜ್ಞಾನಸ್ನಾನದ ದಿನಾಂಕಕ್ಕೂ ವ್ಯತ್ಯಾಸವಿದ್ದರೆ, ಹುಟ್ಟಿದ ಕೆಲವೇ ದಿನಗಳಲ್ಲಿ ಬರೆದದ್ದಕ್ಕೆ ಹೆಚ್ಚು ಬೆಲೆ ಕೊಡಿ. ಎರಡನ್ನೂ ದಾಖಲಿಸಿ. ಗೊತ್ತಿಲ್ಲದಿದ್ದರೆ "ಅಂದಾಜು" ಎಂದು ಸೇರಿಸಿ.

ಹಂಚಿಕೊಂಡ ಮರಕ್ಕೆ ಆರು ನಿಯಮ

ಫ್ಯಾಮಿಲಿಸರ್ಚ್, ವಿಕಿಟ್ರೀ ಮುಂತಾದವುಗಳಲ್ಲಿ ಲೋಕಕ್ಕೆಲ್ಲ ಒಂದೇ ಮರ. ನೀವು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಅನುಕೂಲವೂ ಅದೇ, ಅಪಾಯವೂ ಅದೇ. ನಾವು ಈಗ ಪಾಲಿಸುತ್ತಿರುವ ನಿಯಮಗಳು ಇವು:

1. ಪ್ರತಿಯೊಂದು ಸಂಗತಿಗೂ ಅದು ಎಲ್ಲಿಂದ ಬಂತೆಂದು ಬರೆಯುವುದು. "ಜ್ಞಾನಸ್ನಾನದ ಪುಸ್ತಕ, ಇಂಥ ವರ್ಷ, ಇಂಥ ಸಂಖ್ಯೆ" ಅಥವಾ "ಚಿಕ್ಕಜ್ಜಿ ಹೇಳಿದ್ದು, ಇಂಥ ದಿನ".

2. ಇಬ್ಬರನ್ನು ಒಬ್ಬರೆಂದು ಕೂಡಿಸುವ ಮೊದಲು ಹೆಸರಿನ ಹೊರತಾಗಿ ಇನ್ನೂ ಮೂರು ಗುರುತು ಹೊಂದಬೇಕು: ತಂದೆತಾಯಿ, ಸಂಗಾತಿ, ಊರು ಮತ್ತು ಕಾಲ. ಒಂದು ಹೊಂದದಿದ್ದರೂ ಕಾಯುವುದು.

3. ಕೂಡಿಸಿದ್ದು ತಪ್ಪೆಂದು ತಿಳಿದರೆ ಬದಲಾವಣೆಯ ಇತಿಹಾಸಕ್ಕೆ ಹೋಗಿ ಬೇರ್ಪಡಿಸುವುದು. ಇಬ್ಬರೂ ಬೇರೆ ಎಂದು ಗುರುತು ಮಾಡಿ ಕಾರಣವನ್ನೂ ಬರೆಯುವುದು. ಕಾರಣ ಬರೆಯದಿದ್ದರೆ ನಾಳೆ ಇನ್ನೊಬ್ಬರು ಮತ್ತೆ ಕೂಡಿಸುತ್ತಾರೆ.

4. ಬೇರೆಯವರು ಬರೆದದ್ದನ್ನು ಅಳಿಸುವ ಮೊದಲು ಅವರನ್ನು ಕೇಳುವುದು.

5. ಹೆಣ್ಣುಮಕ್ಕಳನ್ನು ತವರಿನ ತಂದೆತಾಯಿಯರ ಹೆಸರಿನೊಂದಿಗೆ ಸೇರಿಸುವುದು. "ಇಂಥವರ ಹೆಂಡತಿ" ಎಂದಷ್ಟೇ ಬರೆದರೆ ಅರ್ಧ ಮರ ಒಣಗುತ್ತದೆ.

6. ವರ್ಷಕ್ಕೊಮ್ಮೆ ಮರದ ಪ್ರತಿಯನ್ನು ಕಾಗದದ ಮೇಲೆ ಇಳಿಸಿ ಇಡುವುದು.

ಪುಸ್ತಕದ ಪುಟಗಳ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಬೇಡಿ. ಒಂದು ಪುಟದಲ್ಲಿ ನಮ್ಮ ಮನೆಯವರಲ್ಲದ ಹಲವರ ಹೆಸರುಗಳಿರುತ್ತವೆ. ಫ್ಯಾಮಿಲಿಸರ್ಚ್ ಅನ್ನು ನಡೆಸುವವರು ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಸಭೆಯವರು. ಧರ್ಮಕೇಂದ್ರಗಳ ಪುಸ್ತಕಗಳನ್ನು ಅವರ ವಂಶಾವಳಿ ಸಂಸ್ಥೆಗೆ ಪ್ರತಿ ಮಾಡಲು ಕೊಡಬಾರದೆಂದು 2008ರಲ್ಲಿ ವ್ಯಾಟಿಕನ್ ಧರ್ಮಾಧ್ಯಕ್ಷರುಗಳಿಗೆ ಸೂಚಿಸಿತು. ನಿಮ್ಮ ಮನೆಯ ಸಂಗತಿಯನ್ನು ನೀವು ಬರೆದುಕೊಳ್ಳುವುದು ಬೇರೆ, ಚರ್ಚಿನ ಪುಸ್ತಕವನ್ನೇ ಹೊರಗೆ ಹಾಕುವುದು ಬೇರೆ.

ಮದುವೆಯ ಲೆಕ್ಕ

ಸಂಬಂಧದೊಳಗೆ ಮದುವೆಯಾಗುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದ್ದರಿಂದ ಮರದಲ್ಲಿನ ತಪ್ಪು ಮದುವೆಯ ಮನೆಗೂ ತಲುಪಬಹುದು. ಧರ್ಮಸಭೆಯ ಕಾನೂನಿನ 1091ನೇ ಕಲಮಿನಂತೆ ಅಡ್ಡಸಂಬಂಧದಲ್ಲಿ ನಾಲ್ಕನೇ ಮೆಟ್ಟಿಲಿನವರೆಗೂ ವಿನಾಯಿತಿ ಇಲ್ಲದೆ ಮದುವೆ ಊರ್ಜಿತವಲ್ಲ. ಲೆಕ್ಕ ಹೀಗೆ: ಇಬ್ಬರಿಗೂ ಸಮಾನರಾದ ಹಿರಿಯರನ್ನು ಬಿಟ್ಟು, ಎರಡೂ ಕಡೆಯ ಜನರನ್ನು ಎಣಿಸಬೇಕು. ಸೋದರಮಾವ ಮತ್ತು ಸೊಸೆ ಮೂರನೇ ಮೆಟ್ಟಿಲು. ಅತ್ತೆಯ ಮಗ, ಮಾವನ ಮಗಳು ನಾಲ್ಕನೇ ಮೆಟ್ಟಿಲು.

ಈಗ ನಮ್ಮ ಇಬ್ಬರು ರಾಯಪ್ಪಂದಿರಿಗೆ ಬನ್ನಿ. ಒಬ್ಬರ ಮಗನ ಮಗಳಿಗೂ ಇನ್ನೊಬ್ಬರ ಮಗಳ ಮಗನಿಗೂ ಸಂಬಂಧ ಕೇಳುತ್ತಾರೆಂದು ಇಟ್ಟುಕೊಳ್ಳಿ. ನಿಜವಾದ ಮರದಲ್ಲಿ ಸಮಾನ ಹಿರಿಯರು ಮುತ್ತಾತನ ತಂದೆ ಅಲ್ಲ, ಮುತ್ತಾತನೇ ಅಲ್ಲವೇ ಎಂದು ಗೊಂದಲವಾಗಬಹುದು. ಎಣಿಸಿ ನೋಡಿ: ಹಿರಿಯ ರಾಯಪ್ಪನವರ ಕೆಳಗೆ ಚಿನ್ನಪ್ಪ, ಕಿರಿಯ ರಾಯಪ್ಪ, ಅವರ ಮಗ, ಆ ಹುಡುಗಿ, ಒಟ್ಟು ನಾಲ್ಕು. ಇನ್ನೊಂದು ಕಡೆ ಇನ್ನಾಸಪ್ಪ, ಇನ್ನೊಬ್ಬ ರಾಯಪ್ಪ, ಅವರ ಮಗಳು, ಆ ಹುಡುಗ, ಮತ್ತೆ ನಾಲ್ಕು. ಎಂಟನೇ ಮೆಟ್ಟಿಲು, ಅಡ್ಡಿಯಿಲ್ಲ. ನಾವು ಕೆಡಿಸಿದ ಮರದಲ್ಲಿ ಎರಡು ಮತ್ತು ಎರಡು, ನಾಲ್ಕನೇ ಮೆಟ್ಟಿಲು. ಇಲ್ಲದ ಅಡ್ಡಿ ಒಂದು ಬೆರಳು ಒತ್ತಿದ್ದಕ್ಕೆ ಹುಟ್ಟಿತು. ಇದು ತಿರುಗಾ ಆದರೆ ಇನ್ನೂ ಕಷ್ಟ: ಇರುವ ಅಡ್ಡಿಯನ್ನು ಮರ ಮುಚ್ಚಿಬಿಡಬಹುದು. ಆದ್ದರಿಂದ ಮದುವೆಯ ವಿಚಾರಕ್ಕೆ ಫೋನಿನ ಮರ ಆಧಾರವಲ್ಲ. ಗುರುಗಳನ್ನೂ ಪುಸ್ತಕಗಳನ್ನೂ ಕೇಳಬೇಕು.

ಬದುಕಿರುವವರ ಮರ್ಯಾದೆ

ಬದುಕಿರುವವರ ವಿವರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಇವು ಮೋಸಗಾರರಿಗೂ ಬೇಕಾದ ಸಂಗತಿಗಳು. ಸಾಕುಮಗು, ಮುರಿದ ಮದುವೆ, ತಂದೆಯ ಹೆಸರಿಲ್ಲದ ಮಗು ಇವುಗಳನ್ನು ಸುಳ್ಳಾಗಿ ತಿದ್ದುವುದೂ ಬೇಡ, ಬೀದಿಗೆ ತರುವುದೂ ಬೇಡ. ಸಂಬಂಧಪಟ್ಟವರು ಒಪ್ಪುವವರೆಗೆ ಮನೆಯ ನೋಟ್ ಪುಸ್ತಕದಲ್ಲಿ ಇರಲಿ. ಮತ್ತಾಯನು ತಾಮಾರಳನ್ನು ಸೇರಿಸಿದ್ದು ಅವಳನ್ನು ಹಂಗಿಸಲು ಅಲ್ಲ.

ಮರ ಸರಿಯಾದ ಮೇಲೆ ನಾವು ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು, ಫೋನಿನಲ್ಲಿ ತೋರಿಸಿದೆವು. ಅವರು ತಂದೆಯ ಹೆಸರಿನ ಪಕ್ಕದಲ್ಲಿದ್ದ ಒಂದೇ ಒಂದು ಹೆಸರನ್ನು ಓದಿಸಿಕೊಂಡರು. ಆಮೇಲೆ ಎಳವೆಯಲ್ಲೇ ತೀರಿಕೊಂಡ ತಮ್ಮ ಒಬ್ಬ ತಂಗಿಯ ಹೆಸರು ಹೇಳಿ, "ಅವಳನ್ನೂ ಬರ್ಕೊಳ್ಳಿ, ಅವಳಿಗೆ ಪೂಜೆ ಕೊಡೋಕೆ ನನ್ನ ಬಿಟ್ಟರೆ ಯಾರೂ ಇಲ್ಲ" ಎಂದರು. ಅವಳ ಹೆಸರು ಈಗ ಮರದಲ್ಲಿದೆ. ನವೆಂಬರ್ 2ರ ಸಕಲ ಮೃತರ ಸ್ಮರಣೆಗೆ ನಾವು ಕೊಡುವ ಪಟ್ಟಿಯಲ್ಲೂ ಇರುತ್ತದೆ.

ಮನೆಯಲ್ಲಿ, ಯುವಜನರ ಕೂಟದಲ್ಲಿ ಚರ್ಚಿಸಿರಿ

1. ಮತ್ತಾಯ 1:1-17 ಮತ್ತು ಲೂಕ 3:23-38 ಓದಿರಿ. ಎರಡು ಪಟ್ಟಿಗಳ ಉದ್ದೇಶದಲ್ಲಿ ಏನು ವ್ಯತ್ಯಾಸ ಕಾಣುತ್ತದೆ?

2. ನಿಮ್ಮ ತಾತ ಅಜ್ಜಿಯರಿಗೆ ಮನೆಯಲ್ಲಿ, ಚರ್ಚಿನಲ್ಲಿ, ಸರ್ಕಾರಿ ಕಾಗದದಲ್ಲಿ ಎಷ್ಟು ಹೆಸರುಗಳಿವೆ? ಪಟ್ಟಿ ಮಾಡಿರಿ.

3. ನಿಮ್ಮ ಮನೆತನದಲ್ಲಿ ಯಾರ ಹೆಸರು ಯಾರೂ ಹೇಳದೆ ಮರೆತುಹೋಗುತ್ತಿದೆ? ಈ ವಾರವೇ ಒಬ್ಬ ಹಿರಿಯರನ್ನು ಕೇಳಿ ಬರೆದಿಡಿ, ಅವರ ಆತ್ಮಶಾಂತಿಗಾಗಿ ಒಂದು ಪ್ರಾರ್ಥನೆ ಹೇಳಿರಿ.