ಮಿದುಳಿನಲ್ಲಿ ಹರಡುವ ವಿಧ್ರುವೀಕರಣ ಮತ್ತು ರಕ್ತಪ್ರವಾಹ

ಬ್ರೆಜಿಲ್ ದೇಶದ ಅರಿಸ್ಟೀಡಿಸ್ ಲೆಯಾಂವ್ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊಲದ ಮಿದುಳಿನ ಹೊರಪದರವನ್ನು ವಿದ್ಯುತ್ತಿನಿಂದ ಉದ್ದೀಪಿಸಿ ಅಪಸ್ಮಾರದ ಮರ್ಮವನ್ನು ಅರಸುತ್ತಿದ್ದಾಗ, ನಿರೀಕ್ಷಿಸಿದ ವಿದ್ಯುತ್ ಕ್ಷೋಭೆಗೆ ಬದಲಾಗಿ ಒಂದು ನಿಶ್ಶಬ್ದವು ನೆರೆಯ ಪ್ರದೇಶಗಳಿಗೆ ಮೆಲ್ಲಮೆಲ್ಲನೆ ಪಸರಿಸುವುದನ್ನು ಕಂಡು, 1944ರಲ್ಲಿ ಅದನ್ನು ಪ್ರಕಟಿಸಿದರು. ನಿಮಿಷಕ್ಕೆ ಸುಮಾರು 2ರಿಂದ 5 ಮಿಲಿಮೀಟರ್ ವೇಗದಲ್ಲಿ ಸಾಗುವ ಈ ಅಲೆಯ ಮೂಲದಲ್ಲಿರುವುದೇ ಹರಡುವ ವಿಧ್ರುವೀಕರಣ; ಅದು ತಾಗಿದೆಡೆಯಲ್ಲಿ ನರಕೋಶಗಳಿಂದ ಪೊಟ್ಯಾಸಿಯಂ ಹೊರಚೆಲ್ಲಿ, ಸೋಡಿಯಂ, ಕ್ಯಾಲ್ಸಿಯಂ ಹಾಗೂ ನೀರು ಒಳನುಗ್ಗಿ, ಕೋಶಗಳು ಊದಿಕೊಳ್ಳುತ್ತವೆ.

ಪರೀಕ್ಷಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು ಮುಂದಿನ ಘಟ್ಟವನ್ನು. ಕೆಟ್ಟ ಅಯಾನು ಸಮತೋಲವನ್ನು ಸರಿಪಡಿಸುವ ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ ಕೋಶದ ಶಕ್ತಿವಾಹಕ ಅಣುವಾದ ಎಟಿಪಿ ಬೇಕು, ಎಟಿಪಿಗೆ ಆಮ್ಲಜನಕವೂ ಗ್ಲೂಕೋಸೂ ಬೇಕು. ಆದುದರಿಂದಲೇ ಆರೋಗ್ಯವಂತ ಮಿದುಳಿನಲ್ಲಿ ರಕ್ತನಾಳಗಳು ಹಿಗ್ಗಿ ಪ್ರವಾಹವನ್ನು ಹೆಚ್ಚಿಸುತ್ತವೆ, ಕೋಶಗಳೂ ಚೇತರಿಸಿಕೊಳ್ಳುತ್ತವೆ. ಆದರೆ ತಲೆಗೆ ಪೆಟ್ಟು ಬಿದ್ದೋ, ರಕ್ತಸ್ರಾವವಾಗಿಯೋ ಘಾಸಿಗೊಂಡ ಮಿದುಳಿನಲ್ಲಿ, ಹೆಚ್ಚು ರಕ್ತವು ಅತ್ಯಗತ್ಯವಾದ ಆ ಕ್ಷಣದಲ್ಲಿಯೇ ನಾಳಗಳು ಸಂಕುಚಿಸಬಹುದೆಂಬುದು ನಿಜಕ್ಕೂ ಮನಕಲಕುವ ಸಂಗತಿ. ಇದಕ್ಕೆ ವಿಲೋಮ ಪ್ರತಿಕ್ರಿಯೆ ಎಂದು ಹೆಸರು; ಆಗ ಅಲೆಯ ಬೆನ್ನಿಗೇ ರಕ್ತಾಭಾವವೂ ಹರಡಿ, ಮೊದಲ ಪೆಟ್ಟಿನಲ್ಲಿ ಬದುಕುಳಿದ ಕೋಶಗಳೂ ಅಳಿಯುವ ಸಂಭವವುಂಟು.

ನೆತ್ತಿಯ ಮೇಲಿಂದ ದಾಖಲಿಸುವ ಸಾಮಾನ್ಯ ಇ.ಇ.ಜಿ.ಯಲ್ಲಿ ಈ ಅಲೆಯು ಸುಲಭವಾಗಿ ಗೋಚರಿಸದು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮಿದುಳಿನ ಮೇಲ್ಮೈಯಲ್ಲಿಯೇ ಇರಿಸಿದ ವಿದ್ಯುದ್ವಾರಗಳ ಪಟ್ಟಿಯಿಂದ ಅರಿಯಬೇಕಾಗುತ್ತದೆ. ಅರೆತಲೆನೋವಿಗೆ ಮುನ್ನ ಕೆಲವರ ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳಿಗೂ ಇದೇ ಜಾತಿಯ ಅಲೆಯೇ ಕಾರಣವೆಂದು ತಿಳಿಯಲಾಗಿದೆ. ಅಲ್ಲಿ ಮಾತ್ರ ಮಿದುಳು ಸಾಮಾನ್ಯವಾಗಿ ಹಾನಿಯಿಲ್ಲದೆ ಸ್ವಸ್ಥಿತಿಗೆ ಮರಳುತ್ತದೆ.